ರೆಸಲ್ಯೂಷನ್ ಸರಿಯಿಲ್ಲ

ಸರ್ವಜ್ಞನಗರದ ಶಾಂತಿ ಕುಟೀರ ಅಪಾರ್ಟ್‌ಮೆಂಟಿನ ೧೦೩ನೇ ಫ್ಲಾಟಿನ ವೆಂಕಟಾಚಲ ಐವತ್ತೇಳು ವರ್ಷ ಯಾರ ಗಮನಕ್ಕೂ ಬಾರದೆ ಬದುಕಿದವರು. ವಿಮಾ ಕಚೇರಿಯಲ್ಲಿ ಮೂವತ್ತೆರಡು ವರ್ಷ ದುಡಿದಿದ್ದರೂ ಅವರ ಮೇಲೆ ಒಂದು ದೂರು ಬಂದಿರಲಿಲ್ಲ, ಒಂದು ಹೊಗಳಿಕೆಯೂ ಬಂದಿರಲಿಲ್ಲ. ಕಚೇರಿಯ ಗ್ರೂಪ್ ಫೋಟೊಗಳಲ್ಲಿ ಅವರು ಸದಾ ಎರಡನೇ ಸಾಲಿನಲ್ಲಿ, ಮುಂದಿನವರ ಕಿವಿಯ ಹಿಂದೆ ಇರುತ್ತಿದ್ದರು. ಇಂಥವರು ಒಂದು ವಾರದ ಮಟ್ಟಿಗೆ ಕ್ರಾಂತಿಕಾರಿಯಾಗಿಬಿಟ್ಟರು. ಅದಕ್ಕೆ ಕಾರಣ ಒಂದು ಮಾನಿಟರ್. ಮಾನಿಟರಿಗೆ ಕಾರಣ ಇಂದಿರಾನಗರದ ಭಾವ.

ಭಾವ ಎಂದರೆ ಅವರ ಹೆಂಡತಿ ಅಮ್ಮಣ್ಣಿಯ ಅಣ್ಣ. ಯಾವುದೋ ಪೂಜೆಗೆಂದು ಅವರ ಮನೆಗೆ ಹೋದಾಗ ಮೇಜಿನ ಮೇಲೆ ಲ್ಯಾಪ್‌ಟಾಪಿನ ಪಕ್ಕದಲ್ಲಿ ಒಂದು ದೊಡ್ಡ ಪರದೆ ಕಾಣಿಸಿತು. ಒಂದೇ ಕಂಪ್ಯೂಟರಿಗೆ ಎರಡು ಪರದೆ.

"ನೀನಿನ್ನೂ ಆ ಪುಟಾಣಿ ಲ್ಯಾಪ್‌ಟಾಪಲ್ಲೇ ಇಣುಕ್ತಿದ್ದೀಯಾ ವೆಂಕಟಾಚಲ? ಕಣ್ಣು ಹೋಗುತ್ತೆ," ಎಂದರು ಭಾವ.

"ಇಲ್ಲ ಭಾವ, ನಂದೂ ಎರಡನೇ ಸ್ಕ್ರೀನು ಬರೋದಿದೆ," ಎಂದುಬಿಟ್ಟರು ವೆಂಕಟಾಚಲ. ಪಕ್ಕದಲ್ಲಿ ಕೇಸರಿಬಾತು ತಿನ್ನುತ್ತಿದ್ದ ಅಮ್ಮಣ್ಣಿಗೆ ನೆತ್ತಿಗೆ ಹತ್ತಿತು. ಹಿಂದಿರುಗುವಾಗ ಆಟೋದಲ್ಲಿ ಆಕೆ ಕೇಳಿದ್ದು ಒಂದೇ ಮಾತು: "ಯಾವಾಗ ತರೋದು ಅಂತ ತೀರ್ಮಾನ ಮಾಡಿದ್ರಿ?"

"ಆಗ್ಲೇ, ಅಲ್ಲೇ," ಎಂದರು ವೆಂಕಟಾಚಲ.

ಶನಿವಾರ ಶಿವಾಜಿನಗರಕ್ಕೆ ಹೋಗಿ, ಹಳೆಯ ಕಂಪ್ಯೂಟರ್ ಸಾಮಾನು ಮಾರುವ ಹಬೀಬನ ಅಂಗಡಿಯಲ್ಲಿ ಇಪ್ಪತ್ತನಾಲ್ಕು ಇಂಚಿನ ಒಂದು ಮಾನಿಟರ್ ಆರಿಸಿದರು. ಹಬೀಬ್ ಅದನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ತೋರಿಸಿದ. ಚಿತ್ರ ಕನ್ನಡಿಯಂತಿತ್ತು.

"ಒಂದು ಕಂಪನಿ ಮೀಟಿಂಗ್ ರೂಮಲ್ಲಿತ್ತು ಸಾರ್ ಇದು. ಮೀಟಿಂಗಲ್ಲಿ ಯಾರು ಸಾರ್ ಸ್ಕ್ರೀನ್ ನೋಡ್ತಾರೆ? ಹೊಸದೇ ಅಂತ ಅನ್ಕೊಳ್ಳಿ," ಎಂದ.

ಮನೆಗೆ ತಂದು, ಮಲಗುವ ಕೋಣೆಯ ಮೂಲೆಯಲ್ಲಿಟ್ಟು, ವೈರು ಸಿಕ್ಕಿಸಿ ಗುಂಡಿ ಒತ್ತಿದರು. ಚಿತ್ರವೇನೋ ಬಂತು. ಆದರೆ ಅಕ್ಷರಗಳಿಗೆಲ್ಲ ಮೀಸೆ ಬಂದಿತ್ತು. ‘ರ’ ಯಾವುದು ‘ಠ’ ಯಾವುದು ಎಂದು ಊಹಿಸಿ ಓದಬೇಕಾಗಿತ್ತು. ಕಚೇರಿಯ ಕಡತ ನೋಡಲು ಬೇಕು ಎಂದು ಹೆಂಡತಿಗೆ ಹೇಳಿದ್ದರೂ ಅವರು ಮೊದಲು ತೆರೆದದ್ದು ಇಸ್ಪೀಟಿನಾಟ. ಅದರಲ್ಲಿ ರಾಜನೂ ರಾಣಿಯೂ ಒಂದೇ ತಾಯಿಯ ಅವಳಿ ಮಕ್ಕಳ ಹಾಗೆ ಕಂಡರು.

ವೆಂಕಟಾಚಲ ದೋಷ ಹುಡುಕಲು ಹೊರಟರು. ಮೊದಲು ಪರದೆ ಒರೆಸಿದರು. ಆಮೇಲೆ ಕನ್ನಡಕ ಒರೆಸಿದರು. ವೈರು ಕಿತ್ತು, ತುದಿಗೆ ಒಲೆ ಊದುವ ಹಾಗೆ ಊದಿ, ಮತ್ತೆ ಸಿಕ್ಕಿಸಿದರು. ಹತ್ತು ನಿಮಿಷ ಎಲ್ಲವನ್ನೂ ಆರಿಸಿ, ಮಾನಿಟರಿಗೆ ತನ್ನ ತಪ್ಪು ಯೋಚಿಸಲು ಸಮಯ ಕೊಟ್ಟರು. ಕೊನೆಗೆ ಹೆಂಡತಿಯನ್ನು ಕರೆದರು.

"ದೂರದಿಂದ ನೋಡಿದ್ರೆ ಚೆನ್ನಾಗೇ ಇದೆಯಲ್ರೀ," ಎಂದರು ಅಮ್ಮಣ್ಣಿ.

"ಎಷ್ಟು ದೂರದಿಂದ?"

"ಅಡುಗೆ ಮನೆಯಿಂದ."

ಭಾನುವಾರವೆಲ್ಲ ಲ್ಯಾಪ್‌ಟಾಪಿನೊಳಗೆ ಹುಡುಕಾಡಿದಾಗ ಅವರಿಗೆ ಒಂದು ಪದ ಸಿಕ್ಕಿತು: ರೆಸಲ್ಯೂಷನ್. ಚಿತ್ರದಲ್ಲಿ ಎಷ್ಟು ಚುಕ್ಕೆಗಳಿವೆ ಎಂಬ ಲೆಕ್ಕ ಅದು. ಚುಕ್ಕೆ ಹೆಚ್ಚಿದ್ದಷ್ಟೂ ಚಿತ್ರ ಸ್ಪಷ್ಟ. ಒಂದು ಸಲ ಅದನ್ನು ಬದಲಾಯಿಸಿ ನೋಡಿದರು. ಅಕ್ಷರಗಳು ಬಸ್ಸಿನ ಬೋರ್ಡಿನಷ್ಟು ದೊಡ್ಡದಾದವು, ಮೀಸೆ ಗಡ್ಡವಾಯಿತು. ಹೆದರಿ ಮೊದಲಿನಂತೆಯೇ ಮಾಡಿದರು. ಆದರೆ ರೋಗದ ಹೆಸರು ಗೊತ್ತಾಗಿತ್ತು. ಹೊಸ ಪದ ಕಲಿತ ವೆಂಕಟಾಚಲರಿಗೆ ಅದನ್ನು ಹತ್ತು ಜನರ ಮುಂದೆ ಆಡಬೇಕೆನಿಸಿದ್ದು ಸಹಜ.

ಅಪಾರ್ಟ್‌ಮೆಂಟಿನಲ್ಲಿ ಯಾರಾದರೂ ತಿಳಿದವರಿರಬಹುದೆಂದು ಪರದೆಯ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರು. ಅವರ ಫೋನಿನಲ್ಲಿ ‘ಶಾಂತಿ ಕುಟೀರ’ ಎಂಬ ಗುಂಪಿನ ಕೆಳಗೇ ‘ಶಾಂತಮ್ಮನ ಕುಟುಂಬ’ ಎಂಬ ಅತ್ತೆಮನೆಯ ಗುಂಪಿತ್ತು. ಫೋಟೊ ಅಲ್ಲಿಗೆ ಹೋಯಿತು. ಮಬ್ಬು ಪರದೆಯ ಆ ಫೋಟೊ ನೋಡಿ ಭಾವ, "ಯಾರದು ಇದು ಸ್ಕ್ಯಾನಿಂಗು? ಹುಷಾರಾಗಿದ್ದೀರಾ?" ಎಂದು ಕೇಳಿದರು. ದಾವಣಗೆರೆಯ ದೊಡ್ಡಮ್ಮ, "ಯಾರಿಗಪ್ಪಾ ವಿಶೇಷ?" ಎಂದು ಎರಡು ಹೂವು ಹಾಕಿದರು. ಇದೊಂದೂ ಗೊತ್ತಿಲ್ಲದ ವೆಂಕಟಾಚಲ ವಿವರಣೆಯನ್ನು ಮಾತ್ರ ಸರಿಯಾಗಿ ಅಪಾರ್ಟ್‌ಮೆಂಟಿನ ಗುಂಪಿಗೇ ಬರೆದರು. ಮೂವತ್ತೆರಡು ವರ್ಷ ಕಚೇರಿಯ ಪತ್ರ ಬರೆದ ಕೈ. ಅದು ಹೀಗೆ ಬರೆಯಿತು:

‘ಮಾನ್ಯರೇ, ಸದರಿ ರೆಸಲ್ಯೂಷನ್ ತೀರಾ ಕೆಟ್ಟದಾಗಿದೆ. ಎರಡು ದಿನದಿಂದ ನನಗೆ ನಿದ್ದೆಯಿಲ್ಲ. ಕಣ್ಣಿದ್ದವರು ಯಾರೂ ಇದನ್ನು ಸಹಿಸುವುದು ಸಾಧ್ಯವಿಲ್ಲ. ಇದನ್ನು ಬದಲಾಯಿಸಲೇಬೇಕು. ಬಲ್ಲವರು ದಯಮಾಡಿ ಮುಂದೆ ಬರಬೇಕಾಗಿ ಕೋರಿಕೆ. ಇತಿ, ವೆಂಕಟಾಚಲ, ೧೦೩.’

ಶಾಂತಿ ಕುಟೀರದಲ್ಲಿ ಆಗ ಚಾಲ್ತಿಯಲ್ಲಿದ್ದ ರೆಸಲ್ಯೂಷನ್ ಬೇರೆಯೇ ಇತ್ತು. ಮೂರು ವಾರದ ಹಿಂದೆ ನಿವಾಸಿಗಳ ಸಂಘದ ಸಭೆಯಲ್ಲಿ ಅದು ಪಾಸಾಗಿತ್ತು. ಮೆಟ್ಟಿಲ ಕೆಳಗೆ ಹದಿನೇಳು ವರ್ಷದಿಂದ ಇಸ್ತ್ರಿ ಮಾಡುತ್ತಿದ್ದ ಕೆಂಪರಾಜ್ ತಿಂಗಳ ಕೊನೆಯೊಳಗೆ ಜಾಗ ಖಾಲಿ ಮಾಡಬೇಕು ಎಂಬ ನಿರ್ಣಯ. ಆರು ಜನ ಪರ, ಐದು ಜನ ವಿರುದ್ಧ. ಪಾಸಾದ ದಿನದಿಂದ ಅದರ ಬಗ್ಗೆ ಮೆಟ್ಟಿಲುಗಳ ಮೇಲೆ ಪಿಸುಮಾತು ನಡೆದಿತ್ತೇ ಹೊರತು ಬಹಿರಂಗವಾಗಿ ಬಾಯಿಬಿಟ್ಟವರಿರಲಿಲ್ಲ. ಈಗ ಬಿಟ್ಟವರು ವೆಂಕಟಾಚಲ.

ಸೋಮವಾರ ಬೆಳಿಗ್ಗೆ ಅವರು ಕಚೇರಿಗೆ ಹೊರಟು ಚಪ್ಪಲಿ ಗೂಡಿನ ಮುಂದೆ ಬಗ್ಗಿದ್ದಾಗ ಬಾಗಿಲಲ್ಲಿ ಬಿಲ್ಕೀಸ್ ನಿಂತಿದ್ದರು. ಮೂರನೇ ಮಹಡಿಯ ಬಿಲ್ಕೀಸ್ ನಿವೃತ್ತ ಗಣಿತದ ಟೀಚರ್. ಆಕೆಯ ಕೈಯಲ್ಲೊಂದು ಕಾಗದವಿತ್ತು.

"ವೆಂಕಟಾಚಲ ಅವರೇ, ನಿಮ್ಮ ಮೆಸೇಜ್ ಓದಿ ನನಗೂ ರಾತ್ರಿ ನಿದ್ದೆ ಬರಲಿಲ್ಲ."

"ಅಯ್ಯೋ, ಅಷ್ಟೊಂದು ಮನಸ್ಸಿಗೆ ಹಚ್ಕೋಬೇಡಿ ಮೇಡಂ. ಬೆಳಿಗ್ಗೆ ಎದ್ದು ನೋಡ್ದೆ, ಹಾಗೇ ಇದೆ."

"ಹಾಗೇ ಇರುತ್ತೆ. ತಾನಾಗಿ ಸರಿಹೋಗುತ್ತಾ? ನಾನು ಪುಸ್ತಕ ತೆಗೆದು ಪೂರ್ತಿ ಓದಿದೀನಿ. ನಾಲ್ಕು ಜನ ಸೇರಿದ್ರೆ ಬಿಲ್ಕುಲ್ ಬದಲಾಯಿಸಬಹುದು."

"ನಾಲ್ಕು ಜನ ಯಾಕೆ ಮೇಡಂ? ಅಷ್ಟೇನೂ ಭಾರ ಇಲ್ಲ. ನಾನೊಬ್ನೇ ಎತ್ತಬಲ್ಲೆ."

ಬಿಲ್ಕೀಸ್ ಟೀಚರ ಕಣ್ಣು ತುಂಬಿ ಬಂತು. "ನೀವು ಎತ್ತುತೀರಿ, ಅದು ನನಗೆ ಗೊತ್ತು. ಆದ್ರೆ ಎಲ್ಲಾ ಒಬ್ಬರ ಹೆಗಲ ಮೇಲೆ ಹಾಕೋದು ನ್ಯಾಯ ಅಲ್ಲ. ಮೂರು ಸೈನ್ ಆಗಿದೆ. ನೀವೊಂದು ಹಾಕಿ, ಬಸ್."

ಓದದೆ ಸಹಿ ಮಾಡಬೇಡಿ ಎಂದು ಮೂವತ್ತೆರಡು ವರ್ಷ ಸಾವಿರಾರು ಪಾಲಿಸಿದಾರರಿಗೆ ಬುದ್ಧಿ ಹೇಳಿದ ವೆಂಕಟಾಚಲ, ಬಸ್ಸಿಗೆ ತಡವಾಗುತ್ತದೆಂದು ಚಪ್ಪಲಿ ಗೂಡಿನ ಮೇಲೆಯೇ ಕಾಗದವಿಟ್ಟು ಸಹಿ ಹಾಕಿದರು. ಮಾನಿಟರು ಎತ್ತಲು ಸಹಿ ಯಾಕೆ ಎಂಬ ಪ್ರಶ್ನೆ ಅವರಿಗೆ ಬಸ್ಸಿನಲ್ಲಿ ಹೊಳೆಯಿತು. ಟೀಚರಲ್ಲವೇ, ಎಲ್ಲದಕ್ಕೂ ಹಾಜರಿ ಬೇಕು ಎಂದು ಸಮಾಧಾನ ಮಾಡಿಕೊಂಡರು.

ಆ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ೨೦೧ರವರು ಏನೂ ಹೇಳದೆ ಗಟ್ಟಿಯಾಗಿ ಕೈ ಕುಲುಕಿದ್ದರು. ೩೦೪ರವರು ಮುಖ ತಿರುಗಿಸಿ ಮೇಲೆ ಹತ್ತಿ ಹೋಗಿದ್ದರು. ಮಾನಿಟರ್ ಕೊಂಡರೆ ಜನ ಹೀಗೆ ಎರಡು ಪಾಲಾಗುತ್ತಾರೆಂದು ವೆಂಕಟಾಚಲ ಎಣಿಸಿರಲಿಲ್ಲ. ೩೦೪ರವರಿಗೆ ಹೊಟ್ಟೆಕಿಚ್ಚೆಂದು ಅವರು ತೀರ್ಮಾನಿಸಿದರು.

ಮಧ್ಯಾಹ್ನ ಊಟದ ಹೊತ್ತಿಗೆ ಹಬೀಬನಿಗೆ ಫೋನು ಮಾಡಿದರು. ಅಂಗಡಿಯಲ್ಲಿ ಗಿರಾಕಿಗಳ ಗಲಾಟೆ ಕೇಳಿಸುತ್ತಿತ್ತು.

"ಪೀಸಲ್ಲಿ ಏನೂ ತೊಂದ್ರೆ ಇಲ್ಲ ಸಾರ್. ನೀವೇ ನೋಡಿದ್ರಲ್ಲ. ಅದೆಲ್ಲಾ ಸೆಟ್ಟಿಂಗ್ಸ್. ಡ್ಯುಪ್ಲಿಕೇಟಲ್ಲಿ ಇಟ್ಟಿರ್ತೀರಿ. ಎರಡು ಕಡೇನೂ ಒಂದೇ ತೋರ್ಸುತ್ತೆ. ಡ್ಯುಪ್ಲಿಕೇಟ್ ತೆಗೀರಿ, ಕ್ಲಿಯರ್ ಆಗುತ್ತೆ," ಎಂದ ಹಬೀಬ್. ಎಲ್ಲಿ ತೆಗೆಯಬೇಕು ಎಂದು ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು. ಆದರೂ ವೆಂಕಟಾಚಲರಿಗೆ ತೃಪ್ತಿಯಾಯಿತು. ಒಂದಿದ್ದ ಪದ ಈಗ ಮೂರಾಗಿತ್ತು.

ಆ ಮೂರನ್ನೂ ಖರ್ಚು ಮಾಡುವ ಅವಕಾಶ ಮಂಗಳವಾರ ಸಂಜೆಯೇ ಬಂತು. ಬಾಗಿಲು ತಟ್ಟಿದವರು ಸಂಘದ ಅಧ್ಯಕ್ಷ ಸಂಜೀವಪ್ಪನವರು. ಸರ್ಕಾರಿ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಜನರ ಬರುವಿಕೆ ಹೋಗುವಿಕೆ ಬರೆದಿಟ್ಟು ನಿವೃತ್ತರಾದವರು. ನಿವೃತ್ತಿಯಾದ ಮೇಲೂ ಅವರ ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಸಂಘದ ನಿಯಮಾವಳಿ ತಪ್ಪುತ್ತಿರಲಿಲ್ಲ. ಹಾಲಿನಲ್ಲಿ ಕುಳಿತರು. ಅಮ್ಮಣ್ಣಿ ಕಾಫಿ ತಂದಿಟ್ಟರು. ಮಾನಿಟರ್ ಇದ್ದ ಕೋಣೆಯ ಬಾಗಿಲು ಮುಚ್ಚಿತ್ತು, ಯಾಕೆಂದರೆ ಒಳಗೆ ಮಡಿಸದ ಬಟ್ಟೆಯ ರಾಶಿಯಿತ್ತು.

"ವೆಂಕಟಾಚಲ ಅವರೇ, ಹನ್ನೊಂದು ವರ್ಷದಿಂದ ನಾನು ಅಧ್ಯಕ್ಷ. ಒಂದು ಕಾಗದ ಆಚೀಚೆ ಆಗಿಲ್ಲ. ರೆಸಲ್ಯೂಷನ್ನಲ್ಲಿ ಏನು ದೋಷ ಅಂತ ನನ್ನ ಮುಖ ನೋಡಿ ಹೇಳಿ."

"ನೀವೇ ಬಂದ್ರಲ್ಲ ಸಾರ್, ತುಂಬಾ ಸಂತೋಷ," ಎಂದರು ವೆಂಕಟಾಚಲ. ಅಧ್ಯಕ್ಷರಿಗೂ ಕಂಪ್ಯೂಟರ್ ಗೊತ್ತೆಂದು ಅವರಿಗೆ ತಿಳಿದಿರಲಿಲ್ಲ. "ದೋಷ ಎಲ್ಲಿದೆ ಅಂತ ಗೊತ್ತಾಯ್ತು ಸಾರ್. ಅದೆಲ್ಲಾ ಸೆಟ್ಟಿಂಗ್."

ಸಂಜೀವಪ್ಪನವರ ಕಾಫಿ ಲೋಟ ಅರ್ಧಕ್ಕೇ ನಿಂತಿತು. "ಏನಂದ್ರಿ?"

"ಸೆಟ್ಟಿಂಗ್ ಸಾರ್. ಹೊರಗಿಂದ ನೋಡೋರಿಗೆ ಗೊತ್ತಾಗಲ್ಲ. ಒಳಗೆ ಹೋಗಿ ನೋಡ್ಬೇಕು. ಶಿವಾಜಿನಗರದಲ್ಲಿ ಹಬೀಬ್ ಅಂತ ಒಬ್ರಿದ್ದಾರೆ. ಅವರು ಫೋನಲ್ಲೇ ಕಂಡುಹಿಡಿದ್ಬಿಟ್ರು."

"ವಿಷಯ ಶಿವಾಜಿನಗರದವರೆಗೂ ಹೋಗಿದೆಯಾ?"

"ಹೋಗ್ಲೇಬೇಕಾಯ್ತು ಸಾರ್. ಇಲ್ಲಿ ಯಾರಿಗೂ ಗೊತ್ತಿಲ್ವಲ್ಲ. ಅವರು ಹೇಳೋ ಪ್ರಕಾರ ಇದು ಡ್ಯುಪ್ಲಿಕೇಟ್ ಆಗಿದೆ. ಇರೋದು ಒಂದೇ. ಆದ್ರೆ ಎರಡು ಕಡೆ ತೋರಿಸ್ತಿದೆ. ಆ ಡ್ಯುಪ್ಲಿಕೇಟ್ ತೆಗೆದುಬಿಟ್ರೆ ಎಲ್ಲಾ ಸ್ವಚ್ಛ ಆಗುತ್ತಂತೆ."

ಸಂಜೀವಪ್ಪನವರು ಲೋಟವನ್ನು ಮೇಜಿನ ಮೇಲಿಟ್ಟರು. ಆರು ಪರ, ಐದು ವಿರುದ್ಧ ಎಂದು ಕೈಗಳನ್ನು ಎಣಿಸಿದ್ದು ಅವರೇ. "ಯಾವುದು ಡ್ಯುಪ್ಲಿಕೇಟ್ ಅಂತ ಗೊತ್ತಾಗಿದೆಯಾ?" ಎಂದರು. ದನಿ ಸ್ವಲ್ಪ ನಡುಗಿತು.

"ಇನ್ನೂ ಇಲ್ಲ ಸಾರ್. ಹುಡುಕ್ತಿದೀನಿ."

"ಹುಡುಕಿ. ಬಿಲ್ಕೀಸ್ ಅವರು ನಿಮ್ಮೆಲ್ಲರ ಸಹಿ ಇರೋ ಕಾಗದ ತಲುಪಿಸಿದಾರೆ. ಭಾನುವಾರ ಹತ್ತು ಗಂಟೆಗೆ ವಿಶೇಷ ಸಭೆ. ಎಲ್ಲರ ಮುಂದೆ ತೋರಿಸಿ. ನಾನೂ ನೋಡ್ತೀನಿ."

"ಇಷ್ಟು ಸಣ್ಣ ವಿಷಯಕ್ಕೆ ಸಭೆ ಯಾಕೆ ಸಾರ್?"

"ನಿಮಗೆ ಸಣ್ಣದಿರಬಹುದು," ಎಂದು ಸಂಜೀವಪ್ಪನವರು ಎದ್ದು ಹೋದರು.

ವೆಂಕಟಾಚಲರ ಮನಸ್ಸು ತುಂಬಿ ಬಂತು. "ನೋಡಿದ್ಯಾ ಅಮ್ಮಣ್ಣಿ, ನಮ್ಮ ಮಾನಿಟರಿಗೆ ಅಂತ ಸಭೆ ಕರೀತಿದಾರೆ. ಈ ಕಾಲದಲ್ಲಿ ಅಕ್ಕಪಕ್ಕದವರು ಇಷ್ಟು ಮಾಡ್ತಾರಾ?"

ಅಮ್ಮಣ್ಣಿ ಅಧ್ಯಕ್ಷರು ಬಿಟ್ಟುಹೋದ ಅರ್ಧ ಲೋಟ ಕಾಫಿಯನ್ನೇ ನೋಡುತ್ತಿದ್ದರು. "ಮಾನಿಟರಿಗೆ ಅಂತ ಯಾರಾದ್ರೂ ಕಾಫಿ ಬಿಟ್ಟು ಹೋಗ್ತಾರೇನ್ರೀ?" ಎಂದರು.

ಉತ್ತರ ಬುಧವಾರ ಬೆಳಿಗ್ಗೆ ಕೆಂಪರಾಜನ ರೂಪದಲ್ಲಿ ಮೇಲೆ ಬಂತು. ಯಾವಾಗಲೂ ಬಟ್ಟೆಯ ಗಂಟನ್ನು ಬಾಗಿಲಲ್ಲಿ ಕೊಟ್ಟು ಹೋಗುವ ಮನುಷ್ಯ ಅಂದು ಚಪ್ಪಲಿ ಬಿಟ್ಟು ಒಳಗೆ ಬಂದ. ವೆಂಕಟಾಚಲರ ಐದು ಅಂಗಿಗಳನ್ನು ದೇವರ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದ.

"ಸಾರ್, ಟೀಚರಮ್ಮ ನಂಗೆ ಎಲ್ಲಾ ಓದಿ ಹೇಳಿದ್ರು. ‘ಕಣ್ಣಿದ್ದವರು ಯಾರೂ ಸಹಿಸಲ್ಲ’ ಅಂತ ಬರ್ದಿದ್ದೀರಂತೆ. ಹದಿನೇಳು ವರ್ಷದಲ್ಲಿ ನನ್ ಪರವಾಗಿ ಯಾರೂ ಒಂದು ಗೆರೆ ಬರ್ದಿರಲಿಲ್ಲ ಸಾರ್."

ವೆಂಕಟಾಚಲ ಅಂಗಿಗಳನ್ನು ತೆಗೆದುಕೊಂಡು ನಿಂತರು.

"ಲಿಂಗರಾಜಪುರದಲ್ಲಿ ಒಂದು ಮೂಲೆ ನೋಡಿದ್ದೆ. ಅಲ್ಲಿ ಗಿರಾಕಿನೇ ಇಲ್ಲ. ಆದ್ರೂ ಬೇರೆ ದಾರಿ ಇಲ್ಲ ಅಂತ ಒಪ್ಕೊಳೋಕೆ ಹೊರಟಿದ್ದೆ. ನಿನ್ನೆ ಬೇಡ ಅಂತ ಹೇಳ್ಬಿಟ್ಟೆ ಸಾರ್. ನೀವಿದ್ದೀರಲ್ಲ."

ಕೆಂಪರಾಜ್ ಕೆಳಗಿಳಿದು ಹೋದ ಮೇಲೆ ವೆಂಕಟಾಚಲ ಅಂಗಿಗಳನ್ನು ಮೇಜಿನ ಮೇಲಿಟ್ಟರು. ಚಪ್ಪಲಿ ಗೂಡಿನ ಮೇಲೆ ಹಾಕಿದ ಸಹಿ, ೨೦೧ರವರ ಕೈಕುಲುಕು, ಅಧ್ಯಕ್ಷರ ನಡುಗಿದ ದನಿ, ಎಲ್ಲವೂ ಒಂದೊಂದಾಗಿ ತಮ್ಮ ನಿಜವಾದ ಅರ್ಥದೊಂದಿಗೆ ವಾಪಸು ಬಂದವು. ಅಧ್ಯಕ್ಷರಿಗೆ ‘ಸೆಟ್ಟಿಂಗ್’ ಎಂದದ್ದು ನೆನಪಾದಾಗ ಕುರ್ಚಿ ಹುಡುಕಿ ಕುಳಿತರು.

"ಗ್ರೂಪಲ್ಲಿ ನಿಜ ಬರೆದುಬಿಡ್ತೀನಿ. ನಾನು ಹೇಳಿದ್ದು ಮಾನಿಟರ್ ವಿಷಯ ಅಂತ," ಎಂದರು.

"ಬರೀರಿ. ಕೆಂಪರಾಜಂಗೆ ವಾಟ್ಸಾಪ್ ಇಲ್ಲ. ಅವನಿಗೆ ಮಾತ್ರ ನೀವೇ ಕೆಳಗೆ ಹೋಗಿ ಬಾಯಲ್ಲಿ ಹೇಳಿ ಬನ್ನಿ," ಎಂದರು ಅಮ್ಮಣ್ಣಿ.

ವೆಂಕಟಾಚಲ ಹೋದರು. ಮೆಟ್ಟಿಲ ತಿರುವಿನವರೆಗೆ ಹೋದರು. ಕೆಳಗೆ ಕೆಂಪರಾಜ್ ಇದ್ದಿಲು ಊದುತ್ತಾ ಯಾರಿಗೋ ಹೇಳುತ್ತಿದ್ದ: "ನೂರಾಮೂರರ ಸಾರ್ ನೋಡೋಕೆ ಅಷ್ಟೇ ಮೆತ್ತಗೆ." ಅಷ್ಟು ಕೇಳಿದ್ದೇ ಅವರು ತಿರುಗಿ ಬಂದರು.

ಒಳಗೆ ಅಮ್ಮಣ್ಣಿ ಮಾನಿಟರಿನ ಮುಂದೆ ಕುಳಿತಿದ್ದರು. "ಇಲ್ಲಿ ಡ್ಯುಪ್ಲಿಕೇಟ್ ಅಂತ ಇದೆ. ಕೆಳಗೆ ಎಕ್ಸ್‌ಟೆಂಡ್ ಅಂತ ಇದೆ. ಇದನ್ನ ಒತ್ತಿದ್ರೆ ಏನಾಗುತ್ತೆ?"

"ಮುಟ್ಬೇಡ ಅಮ್ಮಣ್ಣಿ, ಇರೋ ತೊಂದ್ರೆನೇ ಸಾಕು," ಎನ್ನುವಷ್ಟರಲ್ಲಿ ಆಕೆ ಒತ್ತಿಯಾಗಿತ್ತು. ಪರದೆ ಒಂದು ಕ್ಷಣ ಕಪ್ಪಾಯಿತು. ಅದರಡಿಯಲ್ಲಿ ಬಂದ ಪಟ್ಟಿಯಲ್ಲಿ ಕಂಪ್ಯೂಟರೇ ಶಿಫಾರಸು ಮಾಡಿದ ರೆಸಲ್ಯೂಷನ್ನನ್ನು ಆಕೆ ಆರಿಸಿದರು. ಅಕ್ಷರಗಳ ಮೀಸೆ ಉದುರಿ ಹೋಯಿತು. ಚುಕ್ಕೆ, ಕೊಂಬು, ದೀರ್ಘ ಎಲ್ಲ ಹೊಸದಾಗಿ ಅಚ್ಚು ಹಾಕಿದಂತೆ ನಿಂತವು. ಆಗಿದ್ದದ್ದು ಇಷ್ಟೇ: ದೊಡ್ಡ ಪರದೆ ತನ್ನ ಶಕ್ತಿಯನ್ನೆಲ್ಲ ಬಿಟ್ಟು ಹಳೆಯ ಲ್ಯಾಪ್‌ಟಾಪಿನ ಕಡಿಮೆ ಚುಕ್ಕೆಗಳನ್ನೇ ನಕಲು ಮಾಡಿ, ಎಳೆದು ಹಿಗ್ಗಿಸಿ ತೋರಿಸುತ್ತಿತ್ತು. ಐದು ದಿನ ಊದಿ ಒರೆಸಿ ಆಗದ ಕೆಲಸ ಎರಡು ಸಲ ಒತ್ತಿದ್ದಕ್ಕೆ ಆಯಿತು. ಬೇರೆ ದಿನವಾಗಿದ್ದರೆ ವೆಂಕಟಾಚಲ ಭಾವನಿಗೆ ಫೋನು ಮಾಡುತ್ತಿದ್ದರು. ಅಂದು ಸುಮ್ಮನೆ ನೋಡಿ, "ಚೆನ್ನಾಗಿದೆ," ಎಂದರು.

"ಅದಿರ್ಲಿ. ಅವತ್ತಿನ ಸಭೇಲಿ ನೀವು ಯಾವ ಕಡೆಗೆ ಕೈ ಎತ್ತಿದ್ರಿ?" ಎಂದು ಕೇಳಿದರು ಅಮ್ಮಣ್ಣಿ.

ಎಷ್ಟು ಯೋಚಿಸಿದರೂ ವೆಂಕಟಾಚಲರಿಗೆ ನೆನಪಾಗಲಿಲ್ಲ. "ವಿರುದ್ಧವೇ ಇರ್ಬೇಕು. ನಾನು ಅಂಥವನಲ್ಲ," ಎಂದರು.

ಭಾನುವಾರ ಹತ್ತು ಗಂಟೆಗೆ ಕಾರು ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಲಾಗಿತ್ತು. ಒಂದು ಫ್ಲಾಟಿಗೆ ಬೀಗ, ಉಳಿದ ಹನ್ನೊಂದು ಫ್ಲಾಟಿನವರೂ ಬಂದಿದ್ದರು. ಸಾಮಾನ್ಯವಾಗಿ ಸಭೆಗೆ ಇಬ್ಬರು ಮೂವರನ್ನು ಮನೆಯಿಂದ ಎಬ್ಬಿಸಿ ತರಬೇಕಾಗುತ್ತಿತ್ತು. ಮೆಟ್ಟಿಲ ಕೆಳಗೆ, ತನ್ನ ಮೇಜಿನ ಪಕ್ಕದಲ್ಲಿ ಕೆಂಪರಾಜ್ ಕೈಕಟ್ಟಿ ನಿಂತಿದ್ದ. ನಿಜ ಹೇಳಿ ಕ್ಷಮೆ ಕೇಳುವುದೆಂದು ವೆಂಕಟಾಚಲ ಒಂದು ಭಾಷಣ ಸಿದ್ಧಮಾಡಿಕೊಂಡಿದ್ದರು. ಅದರಲ್ಲಿ ‘ಪ್ರಮಾದವಶಾತ್’ ಎಂಬ ಮಾತು ಮೂರು ಸಲ ಬರುತ್ತಿತ್ತು.

"ಮಾನ್ಯರೇ, ನಾನು ರೆಸಲ್ಯೂಷನ್ ಅಂತ ಹೇಳಿದ್ದು ಪ್ರಮಾದವಶಾತ್..."

"ಒಂದು ನಿಮಿಷ," ಎಂದು ಸಂಜೀವಪ್ಪನವರು ತಡೆದರು. ಅವರ ಕಣ್ಣು ಕೆಂಪಗಿತ್ತು. "ಮತ ಎಣಿಕೇಲಿ ಡ್ಯುಪ್ಲಿಕೇಟ್ ಇದೆ ಅನ್ನೋ ಮಾತು ಬಂದಿದೆ. ಸೆಟ್ಟಿಂಗ್ ಅನ್ನೋ ಮಾತೂ ಬಂದಿದೆ. ಮೊದಲು ನಡಾವಳಿ ಪುಸ್ತಕದಿಂದ ಹೆಸರು ಓದ್ತೀನಿ. ಯಾವುದು ಸುಳ್ಳು ಅಂತ ವೆಂಕಟಾಚಲ ಅವರು ಅಲ್ಲೇ ಹೇಳಲಿ." ಕನ್ನಡಕ ಹಾಕಿಕೊಂಡು ಓದಿದರು. "ನಿರ್ಣಯದ ಪರ. ಒಂದು, ಸಂಜೀವಪ್ಪ, ೧೦೧. ಎರಡು, ೨೦೩. ಮೂರು, ೩೦೪. ನಾಲ್ಕು, ೩೦೧. ಐದು, ೨೦೪. ಆರು, ವೆಂಕಟಾಚಲ, ೧೦೩."

ಹನ್ನೊಂದು ಕುರ್ಚಿಗಳಲ್ಲಿ ಹತ್ತು ಕಿರ್ರೆಂದು ಒಂದೇ ಕಡೆಗೆ ತಿರುಗಿದವು.

"ನೀವಾ?" ಎಂದರು ಬಿಲ್ಕೀಸ್. ಲೆಕ್ಕದಲ್ಲಿ ಸೊನ್ನೆ ತೆಗೆದ ಮೊದಲ ಬೆಂಚಿನ ವಿದ್ಯಾರ್ಥಿಯನ್ನು ಕೇಳುವ ದನಿ ಅದು.

ವೆಂಕಟಾಚಲರ ಭಾಷಣ ಪೂರ್ತಿ ಮರೆತುಹೋಯಿತು. ಅದರ ಜಾಗದಲ್ಲಿ ಆ ದಿನದ ಸಭೆ ಕಣ್ಣ ಮುಂದೆ ಬಂತು. ಸಂಜೆ ಐದೂವರೆ. ಪಕ್ಕದ ಬೇಕರಿಯಿಂದ ತರಿಸಿದ ಮದ್ದೂರು ವಡೆಯ ತಟ್ಟೆ ಅಧ್ಯಕ್ಷರ ಹಿಂದಿನಿಂದ ಹೊರಟು, ಎರಡನೇ ಸಾಲನ್ನು ಬಿಟ್ಟು ಮೂರನೇ ಸಾಲಿಗೆ ಹೋಗಿತ್ತು. ಅಧ್ಯಕ್ಷರು ಏನನ್ನೋ ಓದುತ್ತಿದ್ದರು.

"ಸಾರ್," ಎಂದರು ಅವರು. "ಅದು ನಂದೇ. ಆದ್ರೆ ಆ ಕೈ ನಾನು ಎತ್ತಿದ್ದು ವಡೆಗೆ."

"ಏನಂದ್ರಿ?"

"ವಡೆಗೆ ಸಾರ್. ನಮ್ಮ ಸಾಲಿಗೆ ಬಂದಿರಲಿಲ್ಲ. ಇಲ್ಲಿ ಬಂದಿಲ್ಲ ಅಂತ ಕೈ ಎತ್ತಿ ತೋರಿಸ್ದೆ. ನೀವು ಎಣಿಸ್ಕೊಂಡ್ರಿ. ವಡೆಯೂ ಬರಲಿಲ್ಲ."

ಒಮ್ಮೆ ಬಾಯಿಬಿಟ್ಟ ಮೇಲೆ ನಿಲ್ಲಿಸುವುದು ಅವರಿಂದಾಗಲಿಲ್ಲ. ಭಾವನ ಮನೆಯ ಎರಡು ಪರದೆ, ಆಡಿದ ಸುಳ್ಳು, ಹಬೀಬನ ಅಂಗಡಿ, ಮಬ್ಬು ಅಕ್ಷರ, ಯಾರದೋ ಸ್ಕ್ಯಾನಿಂಗ್ ಆಗಿಹೋದ ಫೋಟೊ, ಚುಕ್ಕೆಗಳ ಲೆಕ್ಕದ ರೆಸಲ್ಯೂಷನ್, ಲ್ಯಾಪ್‌ಟಾಪಿನೊಳಗಿನ ಸೆಟ್ಟಿಂಗ್ಸ್, ಎಲ್ಲವನ್ನೂ ಹೇಳಿದರು. ಇಸ್ಪೀಟಿನಾಟವನ್ನೂ ಬಿಡಲಿಲ್ಲ. ಮೊದಲು ನಕ್ಕದ್ದು ೨೦೧ರವರು. ಆಮೇಲೆ ಬಿಲ್ಕೀಸ್ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡರು. ಆಕೆಯ ಹೆಗಲು ಕುಲುಕುತ್ತಿತ್ತು. ಮುಖ ತಿರುಗಿಸಿದ್ದ ೩೦೪ರವರೂ ನಕ್ಕರು.

ಸಂಜೀವಪ್ಪನವರು ಮಾತ್ರ ನಗಲಿಲ್ಲ. "ಹಾಗಾದ್ರೆ ನನ್ನ ಮೇಲೆ ಆರೋಪ ಇಲ್ಲ?"

"ಇಲ್ಲ ಸಾರ್."

"ಡ್ಯುಪ್ಲಿಕೇಟ್ ಅಂದದ್ದು?"

"ಅದು ಲ್ಯಾಪ್‌ಟಾಪಿಂದು ಸಾರ್."

ಸಂಜೀವಪ್ಪನವರು ಕನ್ನಡಕ ತೆಗೆದು ಕರವಸ್ತ್ರದಿಂದ ಒರೆಸಿದರು. ಆಮೇಲೆ ಕಣ್ಣನ್ನೂ ಒರೆಸಿಕೊಂಡರು. "ಐದು ದಿನದಿಂದ ನಂಗೆ ಊಟ ಸೇರಿಲ್ಲ ವೆಂಕಟಾಚಲ ಅವರೇ. ಇಡೀ ಸರ್ವೀಸಲ್ಲಿ ನನ್ನ ಎಣಿಕೆ ತಪ್ಪು ಅಂದವರಿಲ್ಲ," ಎಂದರು.

ನಗು ನಿಂತಿತು. ಆಗ ವೆಂಕಟಾಚಲರಿಗೆ ಮೆಟ್ಟಿಲ ಕೆಳಗಿನಿಂದ ಒಂದು ಸದ್ದು ಕೇಳಿಸಿತು. ಎಲ್ಲವನ್ನೂ ನಿಂತು ಕೇಳಿದ ಕೆಂಪರಾಜ್ ಯಾರನ್ನೂ ನೋಡದೆ ಮೇಜಿನ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಗಂಟು ಕಟ್ಟುತ್ತಿದ್ದ. ಇಸ್ತ್ರಿಯಾಗದ ಬಟ್ಟೆಗಳು ಅವು.

ಕುಳಿತಿದ್ದ ವೆಂಕಟಾಚಲ ಮತ್ತೆ ಎದ್ದರು.

"ಅಧ್ಯಕ್ಷರೇ, ಇನ್ನೊಂದು ಮಾತು. ಇಷ್ಟು ಹೊತ್ತು ಹೇಳಿದ್ದು ಮಾನಿಟರ್ ವಿಷಯ. ಈಗ ಹೇಳ್ತಿರೋದು ಕೆಂಪರಾಜನ ವಿಷಯ. ಆ ರೆಸಲ್ಯೂಷನ್ನೂ ಸರಿಯಿಲ್ಲ. ಅವತ್ತು ನಾನು ಕೇಳಿಸ್ಕೊಂಡೇ ಇರಲಿಲ್ಲ. ಕೇಳಿಸ್ಕೊಂಡಿದ್ರೆ ಎತ್ತುತಿರಲಿಲ್ಲ. ಅದನ್ನ ತೆಗೀಬೇಕು ಅಂತ ಕೇಳ್ಕೋತೀನಿ."

"ತೆಗೆಯೋದು ಸುಲಭ," ಎಂದರು ಸಂಜೀವಪ್ಪ. "ಮೆಟ್ಟಿಲ ಕೆಳಗೆ ಕೆಂಡ ಉರಿಯುತ್ತೆ. ಅದರ ಮೇಲೇ ಹನ್ನೆರಡು ಫ್ಲಾಟಿನ ಕರೆಂಟ್ ಮೀಟರು. ಏನಾದ್ರೂ ಆದ್ರೆ ನೀವು ಬರ್ತೀರಾ? ನಾನು ಅವನ ಹೊಟ್ಟೆ ಮೇಲೆ ಹೊಡೀಬೇಕು ಅಂತ ಮಾಡಿದ್ದಲ್ಲ."

ಅದೂ ನಿಜವೇ. ಬಿಲ್ಕೀಸ್ ಟೀಚರು ಆವರಣದ ಉದ್ದಕ್ಕೂ ಕಣ್ಣಾಡಿಸಿ, ಕಾಂಪೌಂಡ್ ಗೋಡೆಯ ಬದಿಗೆ ಬೆರಳು ತೋರಿಸಿದರು. "ಅಲ್ಲಿ ಇಡಬಹುದಲ್ಲಾ. ಮೀಟರ್ ಇಲ್ಲ, ಮೇಲೆ ಶೀಟಿದೆ."

ಅಲ್ಲಿ ನೀಲಿ ಪ್ಲಾಸ್ಟಿಕ್ ಹೊದ್ದು ಒಂದು ಸ್ಕೂಟರ್ ಮಲಗಿತ್ತು. ಅದು ಅಧ್ಯಕ್ಷರದು.

"ಅದು ಓಡುತ್ತೆ," ಎಂದರು ಸಂಜೀವಪ್ಪ.

"ಯಾವಾಗ ಓಡಿತ್ತು ಸಾರ್?" ಎಂದು ೨೦೧ರವರು ವಿನಯವಾಗಿ ಕೇಳಿದರು.

ಸಂಜೀವಪ್ಪನವರು ಬಹಳ ಹೊತ್ತು ಆ ನೀಲಿ ಪ್ಲಾಸ್ಟಿಕ್ಕನ್ನೇ ನೋಡಿದರು. ಕಾರ್ಖಾನೆಗೆ ಇಪ್ಪತ್ತೆರಡು ವರ್ಷ ಅದರಲ್ಲೇ ಹೋಗಿದ್ದರು. ಒಂದು ದಿನವೂ ತಡವಾಗಿರಲಿಲ್ಲ. ಕೊನೆಗೆ ಜೇಬಿನಿಂದ ಪೆನ್ನು ತೆಗೆದು ನಡಾವಳಿ ಪುಸ್ತಕದಲ್ಲಿ ಹೊಸ ಪುಟ ತಿರುವಿದರು. "ಕೆಂಪರಾಜನ ಮೇಜನ್ನು ಕಾಂಪೌಂಡ್ ಗೋಡೆಯ ಬದಿಗೆ ಸ್ಥಳಾಂತರಿಸುವುದು. ಸದರಿ ಜಾಗದಲ್ಲಿರುವ ವಾಹನವನ್ನು ಅದರ ಮಾಲೀಕರು ತೆರವು ಮಾಡುವುದು. ಪರ ಇರೋರು ಕೈ ಎತ್ತಿ."

ಎಂಟು ಕೈಗಳು ಎದ್ದವು. ಸಂಜೀವಪ್ಪ ಎರಡು ಸಲ ಎಣಿಸಿದರು. ವೆಂಕಟಾಚಲರ ಮುಂದೆ ಬಂದು ನಿಂತರು.

"ಇದು ಯಾವುದಕ್ಕೆ ಎತ್ತಿದ್ದೀರಿ, ಬಾಯಿಬಿಟ್ಟು ಹೇಳಿ. ಬರ್ಕೋತೀನಿ."

"ಕೆಂಪರಾಜನ ಮೇಜಿಗೆ ಸಾರ್."

ಬರೆದುಕೊಂಡ ಮೇಲೆ ಅಧ್ಯಕ್ಷರು ತಮ್ಮ ಕೈಯನ್ನೂ ಎತ್ತಿ, ಒಂಬತ್ತು ಎಂದು ತಿದ್ದಿದರು.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಮೇಜು ಸಾಗಿಸುವುದೆಂದಾಯಿತು. ಹದಿನೇಳು ವರ್ಷ ಒಂದೇ ಕಡೆ ನಿಂತ ಮೇಜು, ನೆಲ ಬಿಡಲು ಒಪ್ಪಲಿಲ್ಲ. ಒಂದು ಕಡೆ ಕೆಂಪರಾಜ್, ಇನ್ನೊಂದು ಕಡೆ ವೆಂಕಟಾಚಲ ಮತ್ತು ೨೦೧ರವರು. ಸಂಜೀವಪ್ಪನವರು ಟೇಪು ಹಿಡಿದು, ಗೋಡೆಯಿಂದ ಎಷ್ಟು ಅಡಿ ಬಿಡಬೇಕೆಂದು ಕೂಗಿ ಹೇಳುತ್ತಿದ್ದರು. ಕೆಂಪರಾಜ್ ವೆಂಕಟಾಚಲರ ಜೊತೆ ಮಾತಾಡಿರಲಿಲ್ಲ. ಅರ್ಧ ದಾರಿಯಲ್ಲಿ ಮೇಜನ್ನು ಇಳಿಸಿ ಉಸಿರು ತೆಗೆದುಕೊಳ್ಳುವಾಗ ಅವರೇ ಕೇಳಿದರು: "ಕೋಪ ಇದೆಯಾ ಕೆಂಪರಾಜ್?"

ಕೆಂಪರಾಜ್ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ಇತ್ತು ಸಾರ್ ನಿನ್ನೆ. ಮೊದಲ್ನೇ ಸಲ ಎದ್ದು ನಿಂತು ಹೇಳಿದ್ದು ನನಗಲ್ಲ, ಟೀವಿಗೆ ಅಂತ ಗೊತ್ತಾದಾಗ. ಎರಡನೇ ಸಲ ಎದ್ದಿದ್ದು ನನಗೇ ಅಲ್ವಾ. ಎತ್ತಿ, ಹೊತ್ತಾಗುತ್ತೆ."

ಮೇಜು ಹೊಸ ಜಾಗದಲ್ಲಿ ಕೂತು, ಕೆಂಡ ಕಾದು ಪೆಟ್ಟಿಗೆ ಬಿಸಿಯಾಗುವ ಹೊತ್ತಿಗೆ ಹತ್ತು ಗಂಟೆ ದಾಟಿತ್ತು. ಆ ಬೆಳಿಗ್ಗೆ ಶಾಂತಿ ಕುಟೀರದಿಂದ ಕಚೇರಿಗೆ, ಶಾಲೆಗೆ, ಬ್ಯಾಂಕಿಗೆ ಹೊರಟ ಒಬ್ಬರ ಮೈಮೇಲೂ ಇಸ್ತ್ರಿಯಾದ ಬಟ್ಟೆಯಿರಲಿಲ್ಲ. ಬಸ್ ಸ್ಟಾಪಿನಲ್ಲಿ ೩೦೪ರವರೂ ೨೦೧ರವರೂ ವೆಂಕಟಾಚಲರೂ ಒಂದೇ ಮಂಚದಿಂದ ಎದ್ದು ಬಂದವರ ಹಾಗೆ ಸುಕ್ಕುಸುಕ್ಕಾಗಿ ಸಾಲಾಗಿ ನಿಂತಿದ್ದರು.

ಕಚೇರಿಯಲ್ಲಿ ಮ್ಯಾನೇಜರು ಮೇಲಿಂದ ಕೆಳಗೆ ನೋಡಿ, "ಏನ್ರೀ ವೆಂಕಟಾಚಲ, ಮೂವತ್ತೆರಡು ವರ್ಷದಲ್ಲಿ ಮೊದಲ್ನೇ ಸಲ ನಿಮ್ಮನ್ನ ನಿಂತು ನೋಡ್ತಿದೀನಿ," ಎಂದರು.

ವೆಂಕಟಾಚಲ ಅಂಗಿಯ ಮುಂಭಾಗವನ್ನು ಅಂಗೈಯಿಂದ ಒಮ್ಮೆ ಸವರಿಕೊಂಡರು. ಅದು ಸರಿಹೋಗಲಿಲ್ಲ. ಹಾಗೆಯೇ ಹೋಗಿ ತಮ್ಮ ಕುರ್ಚಿಯಲ್ಲಿ ಕುಳಿತರು.